ಕಬ್ಬಿಣದ ಗಾಣದ ಮುಂದೆ ಒಂದು ಫೋಟೋ

ನಾನು ಚಿಕ್ಕವಳಿದ್ದಾಗ ನಮ್ಮ ಕಲ್ಲೋಳಿಯ ಹೊಲದಲ್ಲಿ ಒಂದೇ ಒಂದು ಫೋಟೋ ತೆಗೆಸಿದ್ದರು. ಪಡಸಾಲೆಯ ಗೋಡೆಯ ಮೇಲೆ ಕಪ್ಪು ಚೌಕಟ್ಟಿನಲ್ಲಿ ಇರುವುದು ಅದೇ. ಅದರಲ್ಲಿ ಎತ್ತಿನ ಹಗ್ಗ ಹಿಡಿದು ನಿಂತ ಏಳು ವರ್ಷದ ಹುಡುಗಿಯನ್ನು ನೋಡಿ ನೀವು ಮೊಮ್ಮಕ್ಕಳು ನಗುತ್ತೀರಿ. ನಗಿರಿ, ಎಣ್ಣೆ ಹಚ್ಚಿ ಬಿಗಿದ ಜಡೆ, ಪಿಳಿಪಿಳಿ ಕಣ್ಣು, ನಗು ಬರುವ ಹಾಗೆಯೇ ಇದ್ದೇನೆ. ಆದರೆ ನಿಮ್ಮ ಮೊಬೈಲಿನ ಫೋಟೋಗಳಲ್ಲಿ ನಾನೊಬ್ಬಳೇ ಯಾವಾಗಲೂ ಮಸುಕಾಗಿರುತ್ತೇನೆಂದು ಗೊಣಗುತ್ತೀರಲ್ಲ, ಅದರ ಕಾರಣವೂ ಆ ಚೌಕಟ್ಟಿನೊಳಗೇ ಇದೆ.

ಅದುವರೆಗೆ ನಮ್ಮಲ್ಲಿದ್ದದ್ದು ಕಬ್ಬು ಅರೆಯುವ ಮರದ ಗಾಣ. ಎತ್ತು ಹೆಜ್ಜೆ ಕೀಳುವ ಮೊದಲೇ ಅದು ನರಳಲು ಶುರು ಮಾಡುತ್ತಿತ್ತು. ಆ ವರ್ಷ ಅಪ್ಪ ಕಬ್ಬಿಣದ ಗಾಣ ತರಿಸಿದ. ರೈಲಿನಲ್ಲಿ ಬಂದದ್ದನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ಮೂರು ದಪ್ಪ ಉರುಳೆಗಳು ಒಂದಕ್ಕೊಂದು ಒತ್ತಿ ನಿಂತಿದ್ದವು. ಮೇಲೊಂದು ಉದ್ದನೆಯ ತೊಲೆ, ಅದರ ತುದಿಗೆ ಎತ್ತುಗಳು. ಎತ್ತು ಸುತ್ತಿದರೆ ಉರುಳೆ ತಿರುಗುತ್ತಿತ್ತು, ನಡುವೆ ಕಬ್ಬು ಕೊಟ್ಟರೆ ಅದರ ಹಾಲು ಸುರಿಯುತ್ತಿತ್ತು. ಅಪ್ಪ ದಿನವೂ ಅದಕ್ಕೆ ಎಣ್ಣೆ ಹಾಕಿ ಒರೆಸುತ್ತಿದ್ದ. ಬಂದವರಿಗೆಲ್ಲ, "ಸಪ್ಪಳಾನ ಇಲ್ಲ ನೋಡ್ರಿ" ಎಂದು ಹೇಳಿ ಹಿಗ್ಗುತ್ತಿದ್ದ.

ಅಕ್ಕನಿಗೆ ಆಗ ಹದಿನೈದು. ಯಮಕನಮರಡಿಯ ಒಂದು ಮನೆಗೆ ಅವಳನ್ನು ಕೊಡುವುದೆಂದು ಮಾತಾಗಿತ್ತು. ಬೀಗರಿಗೆ ಒಂದು ಫೋಟೋ ಕಳಿಸಬೇಕು, ಅದರಲ್ಲಿ ಹೊಸ ಗಾಣವೂ ಕಾಣಬೇಕು, ಮಗಳು ದುಡಿಯುವ ಹುಡುಗಿ ಎಂಬುದೂ ಕಾಣಬೇಕು ಎಂದು ಅಪ್ಪನಿಗೆ ಆಸೆ. ಗೋಕಾಕದಿಂದ ಫೋಟೋದವರನ್ನು ಕರೆಸಿಯೇಬಿಟ್ಟ.

ಚಳಿಗಾಲದ ಬೆಳಗು. ಇಬ್ಬನಿ ಇನ್ನೂ ಪೂರ್ತಿ ಹರಿದಿರಲಿಲ್ಲ. ಕೊಪ್ಪರಿಗೆಯಲ್ಲಿ ಕುದಿಯುವ ಹಾಲಿನ ಸಿಹಿ ವಾಸನೆ ಮೂಗಿಗೆ ಅಡರಿತ್ತು, ಕಾಲಡಿ ಕಬ್ಬಿನ ಸಿಪ್ಪೆ ಒದ್ದೆಯಾಗಿ ತಣ್ಣಗಿತ್ತು. ಅಕ್ಕ ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಉರುಳೆಗಳ ಮುಂದೆ ಕೂತಿದ್ದಳು. ಎತ್ತುಗಳನ್ನು ನಿಲ್ಲಿಸಿ ಹಿಡಿಯುವುದು ನನ್ನ ಕೆಲಸ. ಫೋಟೋದವರು ಮೂರು ಕಾಲಿನ ಪೆಟ್ಟಿಗೆ ನಿಲ್ಲಿಸಿ, ಅದರ ಮೇಲೊಂದು ಕಪ್ಪು ಬಟ್ಟೆ ಹೊದಿಸಿದರು.

"ತಂಗೀ, ಕಬ್ಬ ಹಿಡದ ಕೈ ಇನ್ನೊಂದೀಟ ಉರುಳಿ ಹಂತೇಕ ಇಡವ್ವಾ, ಅಂದ್ರ ಚಲೋ ಕಾಣಸ್ತೈತಿ" ಎಂದರು ಅವರು. ಅಕ್ಕ ಅಪ್ಪನ ಮುಖ ನೋಡಿದಳು. ಅಪ್ಪ ಹೂಂ ಎಂದು ತಲೆಯಾಡಿಸಿದ, ಅವಳು ಕೈಯನ್ನು ಉರುಳೆಗಳ ಹತ್ತಿರಕ್ಕೆ ಸರಿಸಿದಳು. "ಐದ ಎಣಸ್ತೇನಿ. ನಾ ಆತು ಅನ್ನೂತನಕ ಯಾರೂ ಅಲಗಾಡಬ್ಯಾಡ್ರಿ" ಎಂದರು ಫೋಟೋದವರು.

ಅಪ್ಪ ನನ್ನ ಕಡೆ ತಿರುಗಿ, "ಕೇಳಿದೇನು? ನೀ ಅಲಗಾಡಿದ್ರ ಫೋಟೋ ಕೆಡ್ತೈತಿ" ಎಂದ. ನಾನು ಉಸಿರು ಹಿಡಿದು ನಿಂತೆ.

ಅವರು ಪೆಟ್ಟಿಗೆಯ ಕಣ್ಣಿನ ಮುಚ್ಚಳ ತೆಗೆದರು. ಒಂದು ಎಂದರು. ಎರಡು ಎನ್ನುವಾಗ ಗಾಳಿ ಬೀಸಿ ಕಪ್ಪು ಬಟ್ಟೆ ಪಟಪಟ ಬಡಿಯಿತು. ಎಡದ ಎತ್ತು ತಲೆ ಕೊಡವಿತು, ನನ್ನ ಅಂಗೈಯಲ್ಲಿ ಹಗ್ಗ ಜಗ್ಗಿತು. ಆ ಎತ್ತಿನ ಗುಣ ನನಗೆ ಗೊತ್ತಿತ್ತು. ಬೆದರಿದರೆ ಅದು ಮುಂದಕ್ಕೇ ಹೋಗುತ್ತದೆ. ಹಗ್ಗವನ್ನು ಗಟ್ಟಿಯಾಗಿ ಎಳೆದಿದ್ದರೆ ಸಾಕಿತ್ತು. ಆದರೆ ಎಳೆದರೆ ಅಲಗಾಡಿದ ಹಾಗಾಗುತ್ತಿತ್ತು. ಮೂರು, ನಾಲ್ಕು, ಐದು. ಅವರು ಮುಚ್ಚಳ ಹಾಕಿದರು. ಆತು ಎನ್ನಲು ಅವರು ಬಾಯಿ ತೆರೆಯುವಷ್ಟರಲ್ಲಿ ಎತ್ತು ಹೆಜ್ಜೆ ಇಟ್ಟಿತು. ಮರದ ಗಾಣವಾಗಿದ್ದರೆ ನರಳಿ ಎಚ್ಚರಿಸುತ್ತಿತ್ತು. ಇದು ಸದ್ದಿಲ್ಲದೆ ತಿರುಗಿತು. ಪೆಟ್ಟಿಗೆಯ ಕಡೆಗೇ ನೋಡುತ್ತ ಕೂತಿದ್ದ ಅಕ್ಕನಿಗೆ ಗೊತ್ತಾಗುವ ಹೊತ್ತಿಗೆ ಬೆರಳು ಒಳಗೆ ಹೋಗಿದ್ದವು.

ಅವಳು ಕೂಗಿದ ಕೂಗಿಗೆ ಎತ್ತುಗಳು ಇನ್ನೂ ಎರಡು ಹೆಜ್ಜೆ ನಡೆದವು. ಗಾಣದ ಎತ್ತಿಗೆ ಹಿಂದಕ್ಕೆ ನಡೆಯಲು ಯಾರೂ ಕಲಿಸಿರುವುದಿಲ್ಲ, ಮಕ್ಕಳೇ. ಅಪ್ಪ ನೊಗ ಕಿತ್ತೆಸೆದು, ತೊಲೆಗೆ ತನ್ನ ಎದೆ ಕೊಟ್ಟು, ಒಬ್ಬನೇ ಹಿಂದಕ್ಕೆ ನೂಕಿದ. ಅದೇ ಎತ್ತುಗಳನ್ನು ಚಕ್ಕಡಿಗೆ ಹೂಡಿ ಗೋಕಾಕದ ದವಾಖಾನೆಗೆ ಹೊರಟರು. ಅಕ್ಕ ತಿರುಗಿ ಬಂದಾಗ ಅವಳ ಬಲಗೈ ಮಣಿಕಟ್ಟಿಗೇ ಮುಗಿದಿತ್ತು. ಯಮಕನಮರಡಿಯವರು ಒಮ್ಮೆ ನೋಡಿಕೊಂಡು ಹೋದರು. ಆಮೇಲೆ ಬರಲಿಲ್ಲ.

ಗಾಣ ಮಾತ್ರ ಮರುವರ್ಷವೂ ತಿರುಗಿತು. ಬೆಲ್ಲ ಮಾಡದೆ ನಮಗೆ ಬೇರೆ ದಾರಿ ಇರಲಿಲ್ಲ. ಅಕ್ಕನ ಜಾಗದಲ್ಲಿ ಅಪ್ಪನೇ ಕೂತು ಕಬ್ಬು ಕೊಡುತ್ತಿದ್ದ.

ಫೋಟೋ ಬಂದದ್ದು ಅದನ್ನು ತೆಗೆಸಿ ತಿಂಗಳಾದ ಮೇಲೆ. ಅಪ್ಪ ಅದನ್ನು ನೋಡಿದವನೇ ಒಲೆಯ ಕಡೆ ನಡೆದ. ಎಡಗೈಯೊಂದರಲ್ಲೇ ರೊಟ್ಟಿ ಬಡಿಯಲು ಕಲಿಯುತ್ತಿದ್ದ ಅಕ್ಕ ತಲೆ ಎತ್ತಿದಳು.

"ಸುಡಬ್ಯಾಡ ಯಪ್ಪಾ. ನನ್ನ ಎರಡೂ ಕೈ ಇರೂದು ಅದೊಂದರಾಗ."

ಅಪ್ಪ ಅಲ್ಲೇ ಕುಸಿದು ಕೂತು ಅತ್ತ. ಅವನು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹಗ್ಗ ಜಗ್ಗಿದ್ದು ನನಗೆ ತಿಳಿದಿತ್ತು ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅಕ್ಕ ಮುದುಕಿಯಾಗಿ, ನನ್ನ ಮಕ್ಕಳನ್ನೆಲ್ಲ ಎತ್ತಿ ಆಡಿಸಿ, ಇದೇ ಮನೆಯಲ್ಲಿ ತೀರಿಕೊಳ್ಳುವವರೆಗೂ ಹೇಳಲಿಲ್ಲ. ಆ ನಾಚಿಕೆ ನನ್ನನ್ನು ಬಿಟ್ಟಿಲ್ಲ. ಹತ್ತಿರ ಹೋಗಿ ಆ ಫೋಟೋ ನೋಡಿರಿ: ಎಡದ ಎತ್ತಿನ ತಲೆ ಮಸುಕಾಗಿದೆ, ಅಕ್ಕನ ಕೈ ಬಳೆಗಳ ಸಮೇತ ಸ್ಪಷ್ಟವಾಗಿದೆ. ನಾನಂತೂ ಕಲ್ಲಿನ ಹಾಗೆ ನಿಂತಿದ್ದೇನೆ.

ಈಗ ನಮ್ಮ ಕಬ್ಬು ಟ್ರ್ಯಾಕ್ಟರಿನಲ್ಲಿ ಕಾರ್ಖಾನೆಗೆ ಹೋಗುತ್ತದೆ. ನೀವು ಗಾಣ ಕಂಡದ್ದು ರಸ್ತೆ ಬದಿಯ ಕಬ್ಬಿನ ಹಾಲಿನ ಅಂಗಡಿಯಲ್ಲಿ, ಕಂಡಲ್ಲೆಲ್ಲ ನಿಂತು ಕುಡಿಯುತ್ತೀರಿ, ನಾನು ದೂರ ನಿಲ್ಲುತ್ತೇನೆ. ಒಂದು ಗಳಿಗೆಯಲ್ಲಿ ಹತ್ತು ಫೋಟೋ ತೆಗೆದು, ಬೇಡವಾದ ಒಂಬತ್ತನ್ನು ಅಳಿಸಿಬಿಡುತ್ತೀರಿ. ನನ್ನ ಕಡೆ ಮೊಬೈಲ್ ತಿರುಗಿಸಿ, "ಅಜ್ಜೀ, ಅಲಗಾಡಬ್ಯಾಡ" ಎನ್ನುತ್ತೀರಿ. ಅಲಗಾಡಬಾರದೆಂದೇ ನಾನೂ ಕೂರುತ್ತೇನೆ. ಅಷ್ಟರಲ್ಲಿ ನನ್ನ ಕೈ ಹಗ್ಗವನ್ನು ಎಳೆದುಬಿಡುತ್ತದೆ.