ಕಾಯುತ್ತ ನಿಂತ ಕರೆ

ಕಾಗದ ಕತ್ತರಿಸುವ ಯಂತ್ರಗಳ ಆ ಕಂಪನಿಯಲ್ಲಿ ಆಕೆಯನ್ನು ಸ್ವಂತ ಹೆಸರಿನಿಂದ ಕರೆಯುವವರೇ ಇರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮಾಲೀಕರವರೆಗೆ ಎಲ್ಲರಿಗೂ ಆಕೆ ತಿರುಳಮ್ಮ. ಯಂತ್ರದೊಳಗೆ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅದರ ಸಾಫ್ಟ್‌ವೇರಿನಲ್ಲಿ ಎಲ್ಲಕ್ಕಿಂತ ಒಳಗಿನ ಭಾಗ ಕರ್ನಲ್, ಅಂದರೆ ತಿರುಳು. ಅದನ್ನು ಬರೆದವಳು ಆಕೆ. "ಸಿಪ್ಪೆ ಸುಲಿಯೋರು ಬೇಕಾದಷ್ಟು ಜನ ಇದ್ದಾರೆ, ತಿರುಳು ಮಾತ್ರ ನಮ್ಮಮ್ಮಂದು" ಎಂದು ಯಾರೋ ಚಹಾ ಕುಡಿಯುವಾಗ ನಗೆಯಾಡಿದ್ದು ಹೆಸರಾಗಿ ಅಂಟಿಕೊಂಡಿತ್ತು.

ಆ ವಿದ್ಯೆ ಕಲಿಸಿದವರು ದೊಡ್ಡಪ್ಪ. ಅವರೇನೂ ಆಕೆಯ ರಕ್ತಸಂಬಂಧಿಯಲ್ಲ. ಕಂಪನಿಯ ಎಲ್ಲರಿಗಿಂತ ಹಿರಿಯ ಇಂಜಿನಿಯರ್. ಬೆಳ್ಳಗಾದ ಗಡ್ಡ, ತೋಳು ಮಡಚಿದ ಅಂಗಿ, ಬೈದರೂ ಬೈದಂತೆ ಕಾಣದ ದನಿ. ಹೀಗಾಗಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅಪ್ಪನನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದ ಆಕೆಗೆ ಮಾತ್ರ ಆ ಪದ ಬರೀ ಅಡ್ಡಹೆಸರಾಗಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಕೆಗೆ ಇಂಟರಪ್ಟ್ ಅಂದರೆ ತಲೆನೋವು. ಒಂದು ಮಧ್ಯಾಹ್ನ ದೊಡ್ಡಪ್ಪ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು.

"ನೀನು ಅಡುಗೆಮನೇಲಿ ಈರುಳ್ಳಿ ಹೆಚ್ತಾ ಇದ್ದೀಯ ಅಂತಿಟ್ಕೋ. ಬಾಗಿಲಲ್ಲಿ ಯಾರೋ ಗಂಟೆ ಒತ್ತಿದ್ರು. ಅದೇ ಹೊತ್ತಿಗೆ ಹಾಲು ಉಕ್ತು. ಮೊದಲು ಎಲ್ಲಿಗೆ ಓಡ್ತೀಯ?"

"ಹಾಲಿಗೆ."

"ಮಗು ಬಿದ್ದು ಚೀರಿದ್ರೆ?"

"ಹಾಲು ಹಾಳಾಗ್ಲಿ ದೊಡ್ಡಪ್ಪ, ಮಗು ಹತ್ರ ಓಡ್ತೀನಿ."

"ಅಷ್ಟೇ ಕಣಮ್ಮ. ಮಾಡ್ತಿರೋ ಕೆಲಸ ಬಿಟ್ಟು ಇಲ್ಲಿ ನೋಡು ಅಂತ ಕರೆಯೋದು ಇಂಟರಪ್ಟು. ಯಾವ ಕರೆ ದೊಡ್ಡದು, ಯಾವುದು ಚಿಕ್ಕದು ಅಂತ ತೂಗಿಡೋದು ಆದ್ಯತೆ. ಗಂಟೆ ಬಾರಿಸಿದವನ ಹತ್ರ ಮಾತಾಡ್ತಾ ಇದ್ರೂ ಮಗು ಅತ್ರೆ ಓಡ್ಬೇಕು. ಮಗು ಎತ್ಕೊಂಡಿರೋವಾಗ ಗಂಟೆ ಹೊಡೆದ್ರೆ ಅವನು ಕಾಯ್ಬೇಕು."

"ಮತ್ತೆ ಮಾಸ್ಕ್ ಮಾಡೋದು?"

"ಕಿವಿಗೆ ಹತ್ತಿ ಇಟ್ಕೊಳ್ಳೋದು. ಅಲಗು ಎಷ್ಟು ಇಳಿದಿದೆ ಅನ್ನೋ ಸಂಖ್ಯೆನ ಕಂಪ್ಯೂಟರಿನ ಚಿಪ್ಪು ಎರಡು ತುಂಡಾಗಿ ಬರೆಯುತ್ತೆ. ಒಂದು ತುಂಡು ಬರೆದು ಇನ್ನೊಂದು ಬರೆಯೋ ಮುಂಚೆ ಯಾರಾದ್ರೂ ನಡುವೆ ನುಗ್ಗಿ ಓದಿದ್ರೆ ಅರ್ಧ ಹಳೇದು, ಅರ್ಧ ಹೊಸದು. ಎಡವಟ್ಟು. ಅದಕ್ಕೆ ಆ ಕ್ಷಣಕ್ಕೆ ಮಾತ್ರ ಕಿವಿಗೆ ಹತ್ತಿ. ಬರೆದು ಮುಗಿದ ಕೂಡ್ಲೇ ತೆಗೀಬೇಕು. ಕರೆ ಎಲ್ಲೂ ಹೋಗಲ್ಲ, ಹೊರಗೆ ಕಾಯ್ತಾ ನಿಂತಿರುತ್ತೆ. ಆದ್ರೆ ಕಾಯೋಕ್ಕಾಗದ ಕರೆಗಳೂ ಇರ್ತವೆ, ಮರೀಬೇಡ."

ಆಕೆ ಮರೆಯಲಿಲ್ಲ. ವರ್ಷಗಳು ಕಳೆದು ಹೊಸ ಯಂತ್ರದ ಕೆಲಸ ಕೈಗೆ ಬಂದಾಗ ಮೊದಲು ಯೋಚಿಸಿದ್ದು ಅದನ್ನೇ. ಒಮ್ಮೆ ಗುಂಡಿ ಒತ್ತಿದರೆ ಕಾಗದದ ಕಟ್ಟನ್ನು ತಾನೇ ಸರಿಸಿ, ತಾನೇ ಒತ್ತಿ ಹಿಡಿದು, ಒಂದರ ಮೇಲೊಂದು ಸಲ ಅಲಗು ಇಳಿಸುವ ಯಂತ್ರ ಅದು. ಅಲಗಿನ ಮುಂದೆ ಕಣ್ಣಿಗೆ ಕಾಣದ ಬೆಳಕಿನ ತೆರೆ. ಕೈ ಅಡ್ಡ ಬಂದರೆ ಬೆಳಕು ಕಡಿಯುತ್ತದೆ, ಕರೆ ಹೋಗುತ್ತದೆ, ಅಲಗು ಇದ್ದಲ್ಲೇ ನಿಲ್ಲಬೇಕು. ಅಲಗನ್ನು ನಿಲ್ಲಿಸಲು ಕಂಪ್ಯೂಟರಿನ ಹಂಗಿಲ್ಲದ ಬೇರೆ ಸರ್ಕ್ಯೂಟನ್ನೇ ಇಡೋಣ ಎಂದು ಆಕೆ ಹಟ ಹಿಡಿದಳು. ಮಾಲೀಕರು ಒಪ್ಪಲಿಲ್ಲ. "ಹಾಗಾದ್ರೆ ಬೆಳಕಿನ ತೆರೆಯ ತಂತಿ ಚಿಪ್ಪಿನ ಪಿನ್ನುಗಳಲ್ಲಿ ಮಾಸ್ಕ್ ಆಗದ ಕಾಲಿಗೇ ಬರಬೇಕು. ಆ ಕರೆಗೆ ಯಾರೂ ಹತ್ತಿ ಇಡೋಕಾಗಲ್ಲ, ನಾನೂ ಇಡೋಕಾಗಲ್ಲ" ಎಂದಳು. ಸಭೆಯಲ್ಲಿ ಆಕೆಯ ಪರ ನಿಂತವರು ದೊಡ್ಡಪ್ಪ ಒಬ್ಬರೇ. ಕೊನೆಗೆ ಮಾಲೀಕರು ಇದಕ್ಕೆ ಒಪ್ಪಿದರು. ತಿರುಳು ಆಕೆಯದು, ಅಲಗಿನ ಮೋಟಾರನ್ನು ಓಡಿಸುವ ಭಾಗ ದೊಡ್ಡಪ್ಪನದು ಎಂದು ಕೆಲಸ ಹಂಚಿಕೊಂಡರು. ಮೊದಲ ಯಂತ್ರ ಓಡಿದ ದಿನ ಬೆಳಕಿನ ತೆರೆಗೆ ರಟ್ಟಿನ ಕೊಳವೆ ಒಡ್ಡಿದರು. ಅಲಗು ಗಕ್ಕನೆ ನಿಂತಿತು. ದೊಡ್ಡಪ್ಪ ಆಕೆಯ ತಲೆ ನೇವರಿಸಿ, "ನನ್ನ ವಿದ್ಯೆ ಸೋರಿಹೋಗಲಿಲ್ಲ" ಎಂದರು.

ಯಂತ್ರಗಳು ಮುದ್ರಣಾಲಯಗಳಿಗೆ ಹೋದವು. ಚೆನ್ನಾಗಿ ಮಾರಾಟವೂ ಆದವು. ಆದರೆ ಒಂದು ದೂರು ಬೆನ್ನು ಬಿಡಲಿಲ್ಲ. ಕಾಗದದ ಧೂಳು ಹಾರಿ ಬೆಳಕಿಗೆ ಅಡ್ಡ ಬಂದರೂ ಅಲಗು ನಡುವೆಯೇ ನಿಲ್ಲುತ್ತಿತ್ತು. ಅರ್ಧ ಕತ್ತರಿಸಿದ ಕಟ್ಟು ರದ್ದಿ. "ನಿಮ್ಮ ಯಂತ್ರಕ್ಕೆ ತನ್ನ ನೆರಳು ಕಂಡ್ರೂ ಹೆದರಿಕೆ" ಎಂದು ಗಿರಾಕಿಗಳು ಬೈದರು. ತೆರೆಯ ಕಣ್ಣುಗಳಿಗೆ ಗಾಳಿ ಊದುವ ಕೊಳವೆ ಹಾಕಿದರೆ ಧೂಳು ಕೂರುವುದಿಲ್ಲ ಎಂದು ಆಕೆ ಹೇಳಿದಳು. ಮಾಲೀಕರು ನೋಡೋಣ ಎಂದರು. ಕೆಲವು ತಿಂಗಳಾದ ಮೇಲೆ ಹೊಸ ಯಂತ್ರಗಳಲ್ಲಿ ಆ ದೂರೇ ನಿಂತುಹೋಯಿತು. ಹೇಗೆ ಎಂದು ಕೇಳಿದಾಗ ದೊಡ್ಡಪ್ಪ, "ಸಣ್ಣದೊಂದು ಫಿಲ್ಟರ್ ಹಾಕಿದೀನಿ ಕಣಮ್ಮ, ನೀನು ತಲೆ ಕೆಡಿಸ್ಕೋಬೇಡ" ಎಂದರು. ದೊಡ್ಡಪ್ಪ ಹೇಳಿದ ಮೇಲೆ ಆಯಿತು. ಆಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಸುದ್ದಿ ಬಂತು. ಒಂದು ಮುದ್ರಣಾಲಯದಲ್ಲಿ ಪುಸ್ತಕ ಕಟ್ಟುವ ಬೈಂಡರ್ ಒಬ್ಬ ಜಾರಿದ ಹಾಳೆಯನ್ನು ಎಳೆಯಲು ಕೈ ಹಾಕಿದ್ದ. ಅಲಗು ನಿಲ್ಲಲಿಲ್ಲ. ಬಲಗೈಯ ಎರಡು ಬೆರಳು ಹೋದವು.

ಆಕೆಗೆ ಮೊದಲು ಹೊಳೆದದ್ದು ತನ್ನದೇ ತಪ್ಪು ಎಂದು. ಆದ್ಯತೆ ತೂಗಿಟ್ಟವಳು ತಾನು. ಕರೆಯನ್ನು ತಲುಪಿಸಬೇಕಾದ್ದು ತನ್ನ ತಿರುಳು. ಎಲ್ಲೋ ಒಂದು ಸಾಲು ತಪ್ಪಿರಬೇಕು. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ, "ನೋಡದೇ ನಿನ್ನ ಮೇಲೇ ಯಾಕೆ ಹೊರಿಸ್ಕೋತೀಯ? ಮೊದಲು ನೋಡು" ಎಂದರೆ, "ಬೇರೆ ಯಾರ ಮೇಲೆ ಹೊರಿಸ್ಲಿ? ತಿರುಳು ನಂದು ತಾನೇ?" ಎಂದು ಅವನ ಮೇಲೇ ರೇಗಿದಳು.

ಮಾಲೀಕರು ಸಭೆ ಕರೆದರು. ತಪ್ಪು ಯಾವ ಭಾಗದ್ದು ಎಂದು ಕೇಳಿದರು. ದೊಡ್ಡಪ್ಪನೇ ಮೊದಲು ಬಾಯಿಬಿಟ್ಟರು.

"ಕರೆ ಬಂದು ತಲುಪಿಲ್ಲ ಅಂದ್ರೆ ಅದು ತಿರುಳಿನ ಮಾತು. ಆದ್ರೆ ಒಂದು ಕೇಳ್ಕೋತೀನಿ. ಪಾಪ, ಅವಳೂ ಮನುಷ್ಯಳೇ. ಕಣ್ತಪ್ಪಿಂದ ಆಗಿರುತ್ತೆ. ಅವಳ ಮೇಲೆ ಯಾರೂ ಕಠಿಣವಾಗಬೇಡಿ. ಬೇಕಾದ್ರೆ ನನ್ನ ಬೈಯಿರಿ, ಕಲಿಸಿದೋನು ನಾನು."

ಅಂದು ಸಂಜೆ ಅವರು ಮನೆಗೂ ಬಂದರು. ಆಕೆ ಅವರ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ನೀವೊಬ್ರು ನನ್ನ ಪರ ಇದ್ದೀರಲ್ಲ ದೊಡ್ಡಪ್ಪ, ಅಷ್ಟು ಸಾಕು ನಂಗೆ" ಎಂದಳು. ಅವರು ಚಹಾ ಕುಡಿದು, ಬೆನ್ನು ತಟ್ಟಿ, ಹೊರಟುಹೋದರು. ಮುಂದೆ ಆಕೆಗೆ ನೆನೆದಾಗಲೆಲ್ಲ ಮೈ ಉರಿಯುತ್ತಿದ್ದುದು ಸಭೆಯ ಮಾತಿಗಲ್ಲ, ಈ ಚಹಾಕ್ಕೆ.

ಬೈಂಡರನ ಕೈ ಕಚ್ಚಿದ ಯಂತ್ರವನ್ನು ಕಾರ್ಯಾಗಾರಕ್ಕೆ ತಂದರು. ಯಾರೋ ಒರೆಸಿದ್ದರು, ಆದರೂ ಮೇಜಿನ ಸಂದಿಯಲ್ಲಿ ಕಂದುಬಣ್ಣ ಉಳಿದಿತ್ತು. ಆಕೆ ಅದನ್ನು ನೋಡಿ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಆಮೇಲೆ ತಂತಿಯಲ್ಲಿ ಹರಿಯುವ ಸಂಕೇತದ ಅಲೆ ತೋರಿಸುವ ಉಪಕರಣವನ್ನು ಜೋಡಿಸಿ, ಅಲಗು ಇಳಿಯುವಾಗ ರಟ್ಟಿನ ಕೊಳವೆ ಒಡ್ಡಿದಳು. ಅಲಗು ಮೇಲಿದ್ದಾಗ ಒಡ್ಡಿದರೆ ತಕ್ಷಣ ನಿಂತಿತು. ಅರ್ಧ ದಾರಿ ದಾಟಿದ ಮೇಲೆ ಒಡ್ಡಿದರೆ ಕೊಳವೆ ಎರಡು ತುಂಡು. ಉಪಕರಣದ ಪರದೆಯ ಮೇಲೆ ಮಾತ್ರ ಕರೆಯ ಗೆರೆ ಸರಿಯಾದ ಹೊತ್ತಿಗೇ ಎದ್ದಿತ್ತು. ಅಲಗು ಪೂರ್ತಿ ತಳ ಮುಟ್ಟಿದ ಮೇಲೆ, ಆಗ ತಾನೇ ಕೇಳಿಸಿಕೊಂಡಂತೆ, ತಿರುಳು 'ನಿಲ್ಲು' ಎಂದು ಆಜ್ಞೆ ಕೊಟ್ಟಿತ್ತು.

ಆಕೆ ಬಹಳ ಹೊತ್ತು ಆ ಗೆರೆಗಳನ್ನೇ ನೋಡಿದಳು. ಕರೆ ಕಳೆದುಹೋಗಿಲ್ಲ. ತಿರುಳು ಅದನ್ನು ಬೀಳಿಸಿಲ್ಲ. ಕರೆ ಕಾದಿದೆ. ಮಾಸ್ಕ್ ಆಗದ ಕಾಲಿಗೆ ಬಂದ ಕರೆ ಹೀಗೆ ಕಾಯುವುದಿಲ್ಲ. ಕಾದಿದೆ ಎಂದಮೇಲೆ ಅದು ಆ ಕಾಲಿಗೆ ಬರುತ್ತಲೇ ಇಲ್ಲ.

ಚಿಪ್ಪು ಕೂತ ಸರ್ಕ್ಯೂಟ್ ಬೋರ್ಡನ್ನು ಬಿಚ್ಚಿ ಮನೆಗೆ ಒಯ್ದು, ಗಂಡನ ಭೂತಗನ್ನಡಿಯಡಿ ಇಟ್ಟು, ತಾಮ್ರದ ಎಳೆಯ ಜಾಡು ಹಿಡಿದಳು. ಬೆಳಕಿನ ತೆರೆಯಿಂದ ಬಂದ ಎಳೆ ಚಿಪ್ಪಿನ ಹತ್ತಿರ ಬಂದು, ಹೋಗಬೇಕಾದ ಕಾಲನ್ನು ಬಿಟ್ಟು, ಪಕ್ಕಕ್ಕೆ ತಿರುಗಿ ಸಾಮಾನ್ಯ ಕಾಲಿಗೆ ಸೇರಿತ್ತು. ಗುಂಡಿಗಳ ಕರೆ ಬರುವ ಸಾಲಿಗೆ. ಯಾರು ಬೇಕಾದರೂ ಹತ್ತಿ ಇಡಬಹುದಾದ ಸಾಲಿಗೆ.

ಮರುದಿನ ಬೋರ್ಡ್ ವಿನ್ಯಾಸ ಮಾಡುವವಳನ್ನು ಕೇಳಿದಳು.

"ನಿಮಗೆ ಗೊತ್ತಿಲ್ವಾ ಅಕ್ಕಾ? ಧೂಳಿನ ಗಲಾಟೆ ಆಯ್ತಲ್ಲ, ಆಗ ದೊಡ್ಡಪ್ಪನೇ ಬದಲಾಯಿಸು ಅಂದ್ರು. ನಿಮ್ಮನ್ನ ಕೇಳಿದ್ರಾ ಅಂದೆ. ಅವಳು ಒಪ್ಪಿದಾಳೆ, ನಂಗೂ ಅವಳಿಗೂ ಮಾತಾಗಿದೆ ಅಂದ್ರು."

ಅಲಗು ಅರ್ಧ ಇಳಿದ ಮೇಲೆ ಬೆಳಕಿನ ತೆರೆಯ ಕರೆಗೆ ಮಾಸ್ಕ್ ಹಾಕಿ, ತಳ ಮುಟ್ಟಿದ ಮೇಲೆ ತೆಗೆಯುವ ಸಾಲುಗಳು ದೊಡ್ಡಪ್ಪನ ಭಾಗದಲ್ಲಿದ್ದವು. ಆ ಭಾಗವನ್ನು ಆಕೆ ಅಂದಿನವರೆಗೆ ಎಂದೂ ತೆರೆದು ನೋಡಿರಲಿಲ್ಲ. ನೋಡಬೇಕೆಂದು ಅನ್ನಿಸಿಯೇ ಇರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುತ್ತದೆ ಎಂದು ಕಾವಲು ಕೂರುವವರು ಯಾರು?

ದೊಡ್ಡಪ್ಪ ಊಟ ಮುಗಿಸಿ ಮಹಡಿ ಮೆಟ್ಟಿಲ ಬಳಿ ನಿಂತಿದ್ದರು. ಆಕೆ ಬೋರ್ಡನ್ನು ಅವರ ಮುಂದೆ ಹಿಡಿದಳು. ಅವರು ಒಮ್ಮೆ ನೋಡಿ ಕನ್ನಡಕ ತೆಗೆದರು.

"ಧೂಳಿಗೆ ನಿಲ್ತಾ ಇತ್ತು ಕಣಮ್ಮ. ಅರ್ಧ ಇಳಿದ ಮೇಲೆ ಯಾರಮ್ಮ ಕೈ ಹಾಕ್ತಾರೆ ಅಂದ್ಕೊಂಡೆ."

"ನನ್ನ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಬೇಕಿತ್ತು."

ಕೆಳಗಡೆ ಯಾರೋ ಜೋರಾಗಿ ನಗುತ್ತ ಹಾದುಹೋದರು. ದನಿ ತಗ್ಗಿಸಿ ಅವರು ಹೇಳಿದರು, "ನೋಡು, ನಂಗೆ ಇನ್ನು ಸ್ವಲ್ಪ ದಿನಕ್ಕೆ ನಿವೃತ್ತಿ. ಒಳ್ಳೇ ಹೆಸರಲ್ಲಿ ಹೋಗ್ಬೇಕು ಅಂತ ಆಸೆ. ನಿಂಗೆ ವಯಸ್ಸಿದೆ, ವಿದ್ಯೆ ಇದೆ. ಒಂದು ತಪ್ಪು ಹೊತ್ಕೊಂಡ್ರೆ ನೀನೇನು ಮುಳುಗಿಹೋಗಲ್ಲ. ನಿನ್ನ ಸ್ವಂತ ಅಪ್ಪನಿಗಾಗಿದ್ರೆ ನೀನು ಅಷ್ಟು ಮಾಡ್ತಿರ್ಲಿಲ್ವಾ?"

ಆಕೆ ಬೋರ್ಡನ್ನು ಎದೆಗೆ ಅವುಚಿಕೊಂಡು ಮೆಟ್ಟಿಲಿಳಿದಳು. ಆ ಕೊನೆಯ ಪ್ರಶ್ನೆಗೆ ಉತ್ತರ ಹುಡುಕುತ್ತ, ಹತ್ತಬೇಕಾದ ಬಸ್ಸು ಎದುರಿಗೇ ಬಂದು ಹೋದರೂ ನಿಲ್ದಾಣದಲ್ಲೇ ನಿಂತಿದ್ದಳು.

ಮರುದಿನ ಬೆಳಿಗ್ಗೆಯೇ ಮಾಲೀಕರ ಬಳಿ ಹೋಗಿ ಬೋರ್ಡು ತೋರಿಸಿ, ಎಲ್ಲ ಯಂತ್ರಗಳನ್ನೂ ಇವತ್ತೇ ನಿಲ್ಲಿಸಿ ಎಂದಳು. ವಿಚಾರ ಮಾಡೋಣ ಎಂದರು. ಆಕೆ ಅಲ್ಲಿಂದ ನೇರ ಸರ್ಕಾರದ ಕಾರ್ಖಾನೆ ಸುರಕ್ಷತೆಯ ಅಧಿಕಾರಿಯ ಬಳಿಗೆ ಹೋದಳು. ಅವರು ಬಂದು ತಾವೇ ರಟ್ಟಿನ ಕೊಳವೆ ಒಡ್ಡಿ ನೋಡಿದರು. ಯಂತ್ರಗಳು ನಿಂತವು, ಬೋರ್ಡುಗಳು ಬದಲಾದವು, ಮೊದಲು ಬೇಡವೆಂದಿದ್ದ ಬೇರೆ ಸರ್ಕ್ಯೂಟೂ ಬಂತು. ದೊಡ್ಡಪ್ಪ ಕೆಲಸ ಬಿಟ್ಟರು. ಕಂಪನಿಯವರು ತಾವೇ ಬಿಡಿಸಿದೆವು ಎನ್ನುವ ಬದಲು ಆರೋಗ್ಯ ಸರಿಯಿಲ್ಲ ಎಂದು ಸಾರಿದರು. ಚಹಾದ ಮೇಜಿನಲ್ಲಿ ಆಕೆ ಬಂದರೆ ಮಾತು ನಿಲ್ಲತೊಡಗಿತು. "ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ. ಒಳಗೊಳಗೇ ಮುಗಿಸ್ಬಹುದಿತ್ತು" ಎಂದು ಒಬ್ಬ ಕೇಳಿಸುವಂತೆಯೇ ಹೇಳಿದ. ಬೋರ್ಡ್ ವಿನ್ಯಾಸದವಳು ಕೂಡ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು. ಆಕೆ ಆ ಕೆಲಸ ಬಿಟ್ಟು ನೀರಿನ ಪಂಪಿನ ನಿಯಂತ್ರಕ ಮಾಡುವ ಚಿಕ್ಕ ಕಂಪನಿಯೊಂದಕ್ಕೆ ಸೇರಿಕೊಂಡಳು. ಅಲ್ಲಿ ಇತರರು ಬರೆದ ಸಾಲುಗಳನ್ನೂ ಒಂದೊಂದಾಗಿ ಓದುತ್ತಿದ್ದಳು. "ನಮ್ಮ ಮೇಲೆ ನಂಬಿಕೆ ಇಲ್ವಾ ಮೇಡಂ?" ಎಂದು ಕೇಳಿದರೆ, "ಇಲ್ಲ" ಎನ್ನುತ್ತಿದ್ದಳು. ಜನ ತಮಾಷೆ ಎಂದುಕೊಂಡು ನಗುತ್ತಿದ್ದರು.

ಬೈಂಡರನ ಮನೆಗೆ ಹೋಗುವ ಧೈರ್ಯ ಬರಲು ಬಹಳ ದಿನ ಹಿಡಿಯಿತು. ಗಂಡನೇ ಒಂದು ಭಾನುವಾರ ಜೊತೆಗೆ ಬಂದ. ಒಂದೇ ಕೋಣೆಯ ಮನೆ, ಕಿಟಕಿಯ ಕೆಳಗೆ ಹೊಲಿಗೆಗೆ ಕಾದ ಪುಸ್ತಕದ ಹಾಳೆಗಳ ರಾಶಿ. ಬೈಂಡರ್ ಎಡಗೈಯಲ್ಲಿ ಸೂಜಿ ಹಿಡಿಯುವುದನ್ನು ಕಲಿತಿದ್ದ. ಆಕೆ ಹಳೆಯ ಕಂಪನಿಯ ಹೆಸರು ಹೇಳಿದ ಕೂಡಲೇ ಅವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಬೈಂಡರ್, "ಬರಲಿ ಬಿಡು" ಎಂದ.

ಆಕೆ ಕೂತು, ತಡವರಿಸುತ್ತ, ತಿರುಳು ಬರೆದವಳು ತಾನು ಎಂದಳು.

"ಗೊತ್ತು. ನಿಮ್ಮ ಹಿರಿಯರೊಬ್ರು ಆಸ್ಪತ್ರೆಗೆ ಬಂದಿದ್ರು. ಬಿಳೀ ಗಡ್ಡ. ಹಣ್ಣು ತಂದಿದ್ರು. ನನ್ನ ಪಕ್ಕ ಕೂತು ಕಣ್ಣಲ್ಲಿ ನೀರು ಹಾಕ್ಕೊಂಡ್ರು. ನಮ್ಮ ಹೆಣ್ಣುಮಗಳು ಒಬ್ಳು ತಪ್ಪು ಮಾಡಿಬಿಟ್ಟಿದಾಳೆ, ನನ್ನ ಮಗಳಿದ್ದ ಹಾಗೆ, ಕ್ಷಮಿಸಪ್ಪಾ ಅಂದ್ರು."

ಆಕೆ ಗಂಡನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ.

ಆಮೇಲೆ ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಬೆಳಕಿನ ತೆರೆ, ಕಾದ ಕರೆ, ಪಕ್ಕಕ್ಕೆ ತಿರುಗಿದ ಎಳೆ, ಮೆಟ್ಟಿಲ ಬಳಿಯ ಮಾತು, ಜೊತೆಗೆ ಅವರ ಭಾಗವನ್ನು ತಾನು ತೆರೆದೇ ನೋಡಿರಲಿಲ್ಲ ಎಂಬುದನ್ನೂ. ಬೈಂಡರ್ ಸೂಜಿ ಕೆಳಗಿಟ್ಟ. ಅವನ ಹೆಂಡತಿ ಯಾವಾಗಲೋ ಬಾಗಿಲು ಬಿಟ್ಟು ಬಂದು ನೆಲದ ಮೇಲೆ ಕೂತಿದ್ದಳು.

"ಆಯ್ತಪ್ಪ, ಕ್ಷಮಿಸಿದೀನಿ ಅಂದಿದ್ದೆ ಅವರಿಗೆ" ಎಂದ ಬೈಂಡರ್ ಕೊನೆಗೆ. ಉಳಿದ ಬೆರಳುಗಳಿಂದ ಹಾಳೆಯ ಅಂಚನ್ನು ಸರಿಮಾಡಿದ. "ಈಗ ನೋಡಿದ್ರೆ, ಯಾರನ್ನ ಕ್ಷಮಿಸಿದ್ನೋ ಅದೇ ಗೊತ್ತಾಗ್ತಿಲ್ಲ."

ಅವನ ಹೆಂಡತಿ ಎದ್ದು ಒಲೆಯ ಮೇಲೆ ನೀರಿಟ್ಟಳು. "ಚಹಾ ಕುಡಿದು ಹೋಗಿ" ಎಂದಳು. ದೊಡ್ಡಪ್ಪ ತನ್ನ ಮನೆಯಲ್ಲಿ ಕುಡಿದ ಚಹಾ ನೆನಪಾಗಿ ಆಕೆ ಬೇಡ ಎನ್ನಲು ಬಾಯಿ ತೆರೆದಳು, ಆಮೇಲೆ ಎದುರಿಗಿದ್ದ ಹಾಳೆಗಳನ್ನು ಸರಿಸಿ ಲೋಟಕ್ಕೆ ಜಾಗ ಮಾಡಿದಳು.