ದೊರೈರಾಜರ ಮೊದಲನೇ ಪಾಠ

ಕಾಕ್ಸ್‌ಟೌನಿನ ದೊರೈರಾಜರು ಕಾರ್ಖಾನೆಯ ಪ್ಲಾನಿಂಗ್ ಆಫೀಸಿನಿಂದ ರಿಟೈರಾಗಿದ್ದರೂ ಅಲ್ಲಿನ ಗಾಳಿ ಅವರನ್ನು ಬಿಟ್ಟಿರಲಿಲ್ಲ. ರಿಟೈರಾದವರೂ ಸಾಯುವ ತನಕ ಕಲಿಯುತ್ತಿರಬೇಕು ಎಂದು ಪ್ರತಿ ಶನಿವಾರ ಸಂಜೆ ಪಕ್ಕದ ಮನೆಯ ಮುನಿಶಾಮಮ್ಮನ ಜಗಲಿಯಲ್ಲಿ ಸಭೆ ಸೇರಿಸುತ್ತಿದ್ದರು. ಕಂಕುಳಲ್ಲಿ ಪಾಠಗಳ ಪಟ್ಟಿ ಬರೆದು ಸುತ್ತಿದ ಚಾರ್ಟು, ಕೈಯಲ್ಲಿ ಬೇಕರಿಯ ಬನ್ನು. ಒಳ್ಳೆಯ ಬನ್ನು ಮಾಡುತ್ತಿದ್ದ ಬೇಕರಿ ಅದು, ಈಗ ಅಲ್ಲಿ ಫ್ಲಾಟು ಎದ್ದಿದೆ, ಇರಲಿ. ಆ ಬನ್ನಿನಲ್ಲಿ ಯಾರಿಗೂ ಒಂದು ಚೂರು ಕೊಡುತ್ತಿರಲಿಲ್ಲ, ಜಿಪುಣ ಮನುಷ್ಯ! "ಇದು ಐದು ವರ್ಷದ ಯೋಜನೆ, ಅವಸರ ಬೇಡ" ಎಂದು ಶುರು ಮಾಡುತ್ತಿದ್ದರು. ಬಾಣಸವಾಡಿಯ ಮುನಿಆಂಜನಪ್ಪ ಆಕಳಿಸುತ್ತ, "ಅಷ್ಟ್ ದಿನ ಇರೋರ್ ಯಾರು ಸ್ವಾಮಿ?" ಎಂದರೆ ಅದಕ್ಕೂ ಒಂದು ಉಪಸಮಿತಿ ಆಗುತ್ತಿತ್ತು. ಕಂಪ್ಯೂಟರ್ ಪಾಠ ಮುಂದಿನ ವರ್ಷಕ್ಕೆ ಹೋಗುತ್ತಿತ್ತು, ಉರ್ದು ಪಾಠ ಅದರ ಹಿಂದೆಯೇ ಹೋಗುತ್ತಿತ್ತು, ಒಂದು ತರಗತಿಯೂ ನಡೆಯುತ್ತಿರಲಿಲ್ಲ. ಇವರಿಗೆಲ್ಲ ಕಾಫಿ ಮಾಡಿ ಮಾಡಿ ಮುನಿಶಾಮಮ್ಮನ ಸೊಂಟ ಬಿದ್ದುಹೋಗಿತ್ತು. ಆದರೆ ಚಾರ್ಟು ಎಷ್ಟು ಸಲ ಬದಲಾದರೂ ಮೊದಲನೇ ಪಾಠ ಮಾತ್ರ ಅಲುಗುತ್ತಿರಲಿಲ್ಲ: ಬೇಳೆ ಸಾರು ಮಾಡುವುದು. ಒಂದು ಶನಿವಾರ ಎಲ್ಲರೂ ಎದ್ದುಹೋದ ಮೇಲೆ ಅವಳು ಕೇಳಿಯೇಬಿಟ್ಟಳು. "ಇದನ್ನ ಯಾರ್ ಸಾರ್ ಕೇಳಿದ್ದು?" "ಸದಸ್ಯರ ಬೇಡಿಕೆ ಅಮ್ಮ" ಎಂದು ದೊರೈರಾಜರು ಮುಖ ಎತ್ತದೆ ಚಾರ್ಟು ಸುತ್ತತೊಡಗಿದರು. ಹೆಂಡತಿ ಸ್ಟೆಲ್ಲಾ ತೀರಿಕೊಂಡ ಮೇಲೆ ಅವರ ಮನೆಯ ಒಲೆ ಹೊತ್ತಿಲ್ಲ, ಆ ಬನ್ನೇ ರಾತ್ರಿಯ ಊಟ ಎಂಬುದು ಮುನಿಶಾಮಮ್ಮನಿಗೆ ಆಗ ಹೊಳೆಯಿತು. ಅವಳು ಸೊಂಟ ಹಿಡಿದುಕೊಂಡೇ ಎದ್ದಳು. "ಚಾರ್ಟ್ ಅಲ್ಲೇ ಇಡಿ ಸಾರ್. ಒಳಗ್ ಬನ್ನಿ, ಮೊದ್ಲು ಬೇಳೆ ತೊಳೀರಿ."