ಗೆರೆಗೆ ಗೆರೆ ತಾಗದಂತೆ

ಬೆಳಗಿನ ಆರೂವರೆ. ವಿನೋಬನಗರದ ಮನೆಯೊಂದರ ಮಹಡಿಯಲ್ಲಿರುವ ಪುಟ್ಟ ಡಿಸೈನ್ ಕಚೇರಿ. ಬಸವರಾಜೇಶ್ವರಿ ಕಂಪ್ಯೂಟರಿನ ಮುಂದೆ ಕೂತು ಪರದೆಯ ಮೇಲೆ ಹೆಬ್ಬೆರಳು ಎಳೆಯುತ್ತಿದ್ದಾರೆ. ಅವರ ಕೆಲಸ ನೋಡಿ ಬರೆಯಲೆಂದು ಬಂದ ನಾನು ಪಕ್ಕದಲ್ಲಿ ಕೂತಿದ್ದೇನೆ. ಪರದೆಯಲ್ಲಿ ಅಡಿಕೆ ಸುಲಿಯುವ ಯಂತ್ರದ ಜೋಡಣೆಯ ನಕ್ಷೆ. ಅದರ ಸುತ್ತ ನಂಬರು ಬರೆದ ಸಣ್ಣ ವೃತ್ತಗಳು. ಒಂದೊಂದರಿಂದಲೂ ಒಂದು ಗೆರೆ ಹೊರಟು ತನ್ನ ಬೋಲ್ಟನ್ನೋ ಬೇರಿಂಗನ್ನೋ ಮುಟ್ಟುತ್ತದೆ. ಆ ವೃತ್ತಗಳನ್ನು ಗೆರೆಗೆ ಗೆರೆ ತಾಗದಂತೆ ಸಾಲಾಗಿ ಕೂರಿಸುವುದು ಇವರ ಕೆಲಸ. ನಿನ್ನೆ ಸಂಜೆಯೇ ಕೂರಿಸಿ ಹೋಗಿದ್ದರು. ಈಗ ನೋಡಿದರೆ ಎಲ್ಲ ಚೆಲ್ಲಾಪಿಲ್ಲಿ.

"ರುದ್ರೇಶ್ ಸಾರ್ ಒಂದು ವಾಷರ್ ಬದಲಾಯಿಸಿದಾರೆ. ಒಂದೇ ಒಂದು ವಾಷರ್ರಂತೆ. ಅದಕ್ಕೆ ಊರಿಗೆ ಊರೇ ಎದ್ದು ಓಡಾಡಿದೆ ನೋಡಮ್ಮ."

ರುದ್ರೇಶ್ ಇಲ್ಲಿಯ ಎಂಜಿನಿಯರ್, ಮಾಲೀಕರೂ ಅವರೇ. ಒಳ್ಳೆಯವರು. ಆದರೆ ಕೊನೆಗಳಿಗೆಯಲ್ಲಿ ಏನಾದರೊಂದು ಬದಲಾಯಿಸಿ, ನಂಬರುಗಳನ್ನು ತಾನಾಗಿ ಜೋಡಿಸುವ ಬಟನ್ ಒತ್ತಿ ಮನೆಗೆ ಹೋಗಿಬಿಡುತ್ತಾರೆ. ಆ ಬಟನ್ನಿನ ಸುದ್ದಿ ಎತ್ತಿದರೆ ಸಾಕು, ಬಸವರಾಜೇಶ್ವರಿಯವರ ಹುಬ್ಬು ಗಂಟಾಗುತ್ತದೆ.

ಭದ್ರಾವತಿಯ ಕಾಗದನಗರದಲ್ಲಿ ಬೆಳೆದವರು. ಐಟಿಐಯಲ್ಲಿ ಕಲಿಯುವಾಗ ನಕ್ಷೆ ಬರೆಯುತ್ತಿದ್ದುದು ಬೋರ್ಡಿನ ಮೇಲೆ, ಇಂಕಿನಲ್ಲಿ. ತಪ್ಪಿದರೆ ಅರ್ಧ ಬ್ಲೇಡಿನಿಂದ ಮೆಲ್ಲಗೆ ಹೆರೆಯಬೇಕಿತ್ತು. ಹೆರೆಯುವ ಕಷ್ಟಕ್ಕೆ ಹೆದರಿಯಾದರೂ ಯಾರೂ ಸುಮ್ಮಸುಮ್ಮನೆ ಬದಲಾಯಿಸುತ್ತಿರಲಿಲ್ಲ ಎನ್ನುತ್ತಾರೆ. ಈಗಲೂ ಭದ್ರಾವತಿಯಿಂದಲೇ ಬಸ್ಸಿನಲ್ಲಿ ಬರುತ್ತಾರೆ. ನಂಬರು ಅಂಟಿಸುವ ಕೆಲಸಕ್ಕೆ ಕೋಳಿ ಕೂಗುವ ಮೊದಲೇ ಏಳಬೇಕಾ ಎಂದು ಅತ್ತೆ ಸುಭದ್ರಮ್ಮ ಇವತ್ತೂ ಕೇಳಿದರಂತೆ.

ಹೋದ ತಿಂಗಳು ಇವರು ರಜೆಯಲ್ಲಿದ್ದಾಗ ಇದೇ ಯಂತ್ರದ ನಕ್ಷೆ, ಬಟನ್ ಒತ್ತಿದ ಹಾಗೆಯೇ, ಭದ್ರಾವತಿಯ ವರ್ಕ್‌ಶಾಪಿಗೆ ಹೋಯಿತು. ಅಲ್ಲಿಯ ಫಿಟ್ಟರ್ ಪುಟ್ಟಪ್ಪ ಪ್ರಿಂಟನ್ನು ಕಂಬಕ್ಕೆ ಅಂಟಿಸಿಕೊಂಡು, ಗೆರೆಯ ಮೇಲೆ ಹೆಬ್ಬೆರಳು ಎಳೆಯುತ್ತಾ ಹೋಗಿ ಭಾಗ ಹುಡುಕುವವರು. ಎರಡು ಗೆರೆ ಅಡ್ಡ ಹಾಯ್ದಲ್ಲಿ ಬೆರಳು ದಾರಿ ತಪ್ಪಿತು. ಗಿಡ್ಡ ಬೋಲ್ಟಿನ ಜಾಗಕ್ಕೆ ಉದ್ದದ್ದು ಬಿತ್ತು. ಬಿಗಿಯುವಾಗ ಎರಕದ ಮುಚ್ಚಳ ಸೀಳಿತು. ಇನ್ನೊಮ್ಮೆ ಹೀಗಾದರೆ ಮನೆಗೆ ಹೋಗು ಎಂದು ವರ್ಕ್‌ಶಾಪಿನ ಮಾಲೀಕರು ಪುಟ್ಟಪ್ಪನವರಿಗೆ ಹೇಳಿದ್ದಾರೆ. ಇಂದು ಅದೇ ಯಂತ್ರ, ಅದೇ ಪುಟ್ಟಪ್ಪ. ಒಂಬತ್ತಕ್ಕೆ ನಕ್ಷೆ ಅಲ್ಲಿರಬೇಕು.

"ತಪ್ಪು ಗೆರೆದು. ಗೆರೆಗೆ ಯಾರಾದ್ರೂ ಬೈತಾರಾ? ಬೆರಳಿಗೇ ಬೈಯೋದು."

ಅಂದಿನಿಂದ ಪ್ರತಿ ಗೆರೆಯ ಮೇಲೂ ತಮ್ಮ ಹೆಬ್ಬೆರಳು ಎಳೆದು ನೋಡದೆ ಇವರು ನಕ್ಷೆ ಬಿಡುವುದಿಲ್ಲ. ಪರದೆ ಕೊಳೆಯಾಗುತ್ತದೆಂದು ರುದ್ರೇಶ್ ಒರೆಸಲು ಒಂದು ಬಟ್ಟೆ ತಂದಿಟ್ಟಿದ್ದಾರೆ. ಅದರ ಮಡಿಕೆ ಇನ್ನೂ ಬಿಚ್ಚಿಲ್ಲ.

ಎಂಟೂವರೆಗೆ ನಕ್ಷೆ ಕಳಿಸುತ್ತಾರೆ. ಅಷ್ಟರಲ್ಲಿ ರುದ್ರೇಶ್ ಮೆಟ್ಟಿಲು ಹತ್ತಿ ಬಂದು, ಒಂದು ಸಣ್ಣ ನಟ್ ಬದಲಾಯಿಸುವುದಿತ್ತಲ್ಲ ಎಂದು ರಾಗ ಎಳೆಯುತ್ತಾರೆ. ಇವರು ತಿರುಗಿಯೂ ನೋಡದೆ, ಹೋಯ್ತು ಸಾರ್, ಎನ್ನುತ್ತಾರೆ. ತಪ್ಪಿದ ಬಸ್ಸಿನ ಬಗ್ಗೆ ಹೇಳಿದ ಹಾಗೆ.

ಆಮೇಲೆ ಕಾಯುವುದು. ಬೇರೆ ನಕ್ಷೆ ತೆರೆದಿದ್ದರೂ ಕಣ್ಣೆಲ್ಲ ಮೊಬೈಲಿನ ಮೇಲೆ. ನಾನು ಬರೆದುಕೊಂಡು ಬಂದಿದ್ದ ಪ್ರಶ್ನೆಗಳ ಹಾಳೆಯನ್ನು ಮಡಿಚಿ ಚೀಲಕ್ಕೆ ಹಾಕಿದೆ. ಊಟದ ಹೊತ್ತಿಗೆ ಫೋನ್ ಬರುತ್ತದೆ. ಪುಟ್ಟಪ್ಪನವರ ದನಿ ನನಗೂ ಕೇಳಿಸುತ್ತದೆ.

"ಮುಚ್ಚಳ ಕೂತ್ಕಂತು ಕಣಮ್ಮ. ಇವತ್ತು ಬೈಯೋಕೆ ಏನೂ ಸಿಗ್ಲಿಲ್ಲ."

"ನಾಳೆ ಸಿಗತ್ತೆ ಬಿಡಿ. ಸಾರ್ ಹತ್ರ ಇನ್ನೊಂದು ನಟ್ ಇದೆ."

ಫೋನ್ ಇಟ್ಟು ಬುತ್ತಿ ಬಿಚ್ಚುತ್ತಾರೆ. ನಕ್ಷೆಯ ಮೂಲೆಯಲ್ಲಿ ತಮ್ಮ ಹೆಸರು ಇರಬೇಕು ಅನ್ನಿಸುವುದಿಲ್ಲವೇ ಎಂದು ಆಗ ಕೇಳಿದೆ.

"ಹೆಸರು ತಗೊಂಡು ಏನ್ಮಾಡ್ಲಿ? ನಾನು ಇಟ್ಟಿದ್ದನ್ನ ಇಟ್ಟ ಕಡೆ ಬಿಟ್ಟರೆ ಸಾಕಮ್ಮ."